ಚಿತ್ರ ಅವರದು, ಮೋರಿ ನಮ್ಮದು

ಸತ್ತವರಿಗೆ ಹೊದಿಸುವ ಬಟ್ಟೆಯ ಮೇಲೆ ಸಿನಿಮಾ ತೋರಿಸುತ್ತಿದ್ದಾಳೆ ಎಂದು ಕೆಂಪಾಪುರದ ಮೋರಿ ಗಲ್ಲಿಯಲ್ಲಿ ಮೊದಲ ದಿನವೇ ಮಲ್ಕಾ ಮೇಲೆ ದೂರು ಬಂತು. ದೂರಿನಲ್ಲಿ ಸುಳ್ಳೇನಿರಲಿಲ್ಲ. ಪರದೆಗೆಂದು ಅವರು ತಂದದ್ದು ಅಪ್ಪಟ ಬಿಳಿ ಲಾಂಗ್‌ಕ್ಲಾತ್. ಮುಸ್ಲಿಮರ ಮನೆಯೊಳಕ್ಕೆ ಆ ಬಟ್ಟೆ ಅಷ್ಟುದ್ದ ಬಂತೆಂದರೆ ಯಾರೋ ತೀರಿಕೊಂಡರೆಂದೇ ಲೆಕ್ಕ. ಬಗಲಲ್ಲಿ ಅದನ್ನು ಇರುಕಿಕೊಂಡು ಬರುವಾಗಲೇ ಪಕ್ಕದ ಮನೆಯ ತಾಹೆರಾ ಖಾಲಾ ಎದೆ ಹಿಡಿದುಕೊಂಡು ಕೇಳಿದ್ದರು.

"ಯಾ ಅಲ್ಲಾ! ಯಾರೇ ಹೋದ್ರು?"

"ಇನ್ನೂ ಯಾರೂ ಹೋಗಿಲ್ಲ ಖಾಲಾ. ಸಿನಿಮಾ ನೋಡೋಕೆ ಬನ್ನಿ, ಯಾರ್ ಯಾರು ಹೋಗ್ತಿದಾರೆ ಅಂತ ಗೊತ್ತಾಗತ್ತೆ."

ಕಫನ್ ಬಟ್ಟೆಯ ಎದುರು ಮಕ್ಕಳನ್ನು ಕೂರಿಸುವುದಿಲ್ಲ ಎಂದು ಹೆಂಗಸರು ಹಟ ಹಿಡಿದಾಗ ಮಲ್ಕಾ ವಾದಕ್ಕೆ ನಿಲ್ಲಲಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತರು. ಒಂದು ಹಳೆ ಸೀರೆಯ ಹಸಿರು ಜರಿ ಅಂಚನ್ನು ಬಿಚ್ಚಿ ಆ ಬಿಳಿ ಬಟ್ಟೆಯ ನಾಲ್ಕೂ ಕಡೆ ಹೊಲಿದರು. "ಈಗ ಹೇಳಿ. ಜರಿ ಅಂಚಿನ ಕಫನ್ ಯಾರ ಮನೇಲಿ ನೋಡಿದೀರಾ?" ಎಂದರು. ಯಾರೂ ನೋಡಿರಲಿಲ್ಲ. ಅಂದಿನಿಂದ ಮೋರಿ ಗಲ್ಲಿಯಲ್ಲಿ ಪ್ರಪಂಚದ ಎಲ್ಲ ಸಮುದ್ರಕ್ಕೂ, ಹಿಮಕ್ಕೂ, ಕಾಡಿಗೂ ಹಸಿರು ಜರಿ ಅಂಚಿದೆ.

ಮಲ್ಕಾ ಅವರಿಗೆ ಈಗ ನಲವತ್ತೇಳು. ಓದಿದ್ದು ಉರ್ದು ಶಾಲೆಯಲ್ಲಿ ಏಳನೇ ಕ್ಲಾಸು. ಕನ್ನಡ ಕಲಿಸಿದ್ದು ಶಾಲೆಯಲ್ಲ, ರವಿಕೆಗೆ ಅಳತೆ ಕೊಡಲು ಬಂದ ಹೆಂಗಸರು. ಗಲ್ಲಿಯ ಬಾಯಲ್ಲಿ, ಮುರುಗೇಶ್ ಎಂಬ ಕಂಟ್ರಾಕ್ಟರರ ಮೂರು ಮಹಡಿ ಕಟ್ಟಡದ ಕೆಳಗೆ, ಹದಿನಾಲ್ಕು ವರ್ಷ ಅವರ ಲೇಡೀಸ್ ಟೈಲರ್ ಅಂಗಡಿ ನಡೆಯಿತು. ಎರಡು ಮಿಷನ್, ಒಂದು ಉದ್ದ ಕನ್ನಡಿ, ಬೀದಿ ಕಡೆಗೆ ಅಗಲವಾದ ಬಾಗಿಲು, ಅದರಿಂದ ದಿನವಿಡೀ ಬೆಳಕು. ಗಂಡ ಗಯಾಸ್ ಆಟೊ ಓಡಿಸುತ್ತಾರೆ. ಮನೆ ಗಲ್ಲಿಯ ಕೊನೆಯಲ್ಲಿ, ತಗ್ಗಿನಲ್ಲಿ. ಗಲ್ಲಿಯ ಒಂದು ಬದಿ ಮನೆಗಳು, ಇನ್ನೊಂದು ಬದಿ ಮೋರಿ, ಮೋರಿಯಾಚೆ ಅಪಾರ್ಟ್‌ಮೆಂಟಿನ ಕಾಂಪೌಂಡು.

ಮೋರಿ ಎಂದ ತಕ್ಷಣ ಸಣ್ಣ ಚರಂಡಿಯನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಮೇಲಿನ ಬಡಾವಣೆಗಳ ಮಳೆನೀರೆಲ್ಲ ಕೆರೆಗೆ ಇಳಿದು ಹೋಗುವ ದಾರಿ ಅದು. ಹಳೆಯ ನಕ್ಷೆಗಳಲ್ಲಿ ಇಂಥದ್ದಕ್ಕೆ ರಾಜಕಾಲುವೆ ಎಂದು ಹೆಸರು. ರಾಜ ಯಾವತ್ತು ಸತ್ತನೋ ಯಾರಿಗೂ ನೆನಪಿಲ್ಲ. ಹೆಣ ಮಾತ್ರ ನಮ್ಮ ಮನೆಗಳ ಹಿಂದೆ ಹರಿಯುತ್ತಿದೆ, ನಾವು ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಳ್ಳುತ್ತೇವೆ.

ಈ ಗಲ್ಲಿಗೆ ಸಿನಿಮಾ ತಂದವರು ಅಕ್ಷಯಾ. ಬಾಗಲಕೋಟೆಯವರು. ಯಲಹಂಕದ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಸರದ ಪಾಠ ಮಾಡುತ್ತಾರೆ, ಕೆಂಪಾಪುರದಲ್ಲಿ ಬಾಡಿಗೆಗಿದ್ದಾರೆ, ಮಲ್ಕಾ ಹೊಲಿದ ರವಿಕೆ ಬಿಟ್ಟು ಬೇರೆ ತೊಡುವುದಿಲ್ಲ. ಕಾಲೇಜಿನ ಪ್ರೊಜೆಕ್ಟರ್ ಹೊತ್ತು ತಂದು ಮೊದಲ ಸಲ ತೋರಿಸಿದ್ದು ಕಡಲಿನ ಬಗ್ಗೆ ಒಂದು ವಿದೇಶಿ ಸಾಕ್ಷ್ಯಚಿತ್ರ. ಇಂಗ್ಲಿಷಿನಲ್ಲಿತ್ತು. ಹತ್ತು ನಿಮಿಷಕ್ಕೆ ಅರ್ಧ ಜನ ಎದ್ದರು. ಉಳಿದವರು ಕಡಲೆಕಾಯಿ ಬಿಡಿಸುತ್ತಾ ಮನೆ ಮಾತಿಗೆ ಇಳಿದರು. ಆಗ ಮಲ್ಕಾ ಮುಂದೆ ಬಂದರು.

"ಮೇಡಂ, ಸೌಂಡ್ ತೆಗೀರಿ."

"ಯಾಕ್ರೀ ಅಕ್ಕಾ?"

"ಅವನು ಏನೋ ಗೊಣಗ್ತಾ ಇದಾನೆ. ನಾನ್ ಹೇಳ್ತೀನಿ."

"ನಿಮಗ ಇಂಗ್ಲಿಷ್ ಬರ್ತದೇನ್ರೀ?"

"ಬರಲ್ಲ. ಕಣ್ಣು ಕಾಣತ್ತಲ್ಲ?"

ಸೌಂಡ್ ಹೋಯಿತು. ಸೊಪ್ಪಿನ ಗಾಡಿಯವರು ಇಟ್ಟುಕೊಳ್ಳುತ್ತಾರಲ್ಲ, ಅಂಥ ಸಣ್ಣ ಮೈಕ್ ಡಬ್ಬ ಹಿಡಿದು ಮಲ್ಕಾ ಶುರು ಮಾಡಿದರು. ಒಂದು ಮಾತು ದಖನಿ ಉರ್ದುವಿನಲ್ಲಿ, ಒಂದು ಮಾತು ಕನ್ನಡದಲ್ಲಿ. ತಾಯಿ ತಿಮಿಂಗಿಲ ಮರಿಯನ್ನು ನೂಕಿಕೊಂಡು ಹೋಗುವುದನ್ನು ನೋಡಿ, "ನೋಡ್ರೀ, ಸ್ಕೂಲಿಗೆ ಬಿಡೋಕೆ ಹೊರಟಿದಾಳೆ, ಇವನು ಹೋಗಲ್ಲ ಅಂತಿದಾನೆ" ಎಂದರು. ಎದ್ದು ಹೋದವರು ವಾಪಸ್ ಬಂದು ಕೂತರು.

ಆಮೇಲೆ ಅದೇ ಪದ್ಧತಿಯಾಯಿತು. ಗುರುವಾರ ಅಕ್ಷಯಾ ಅಂಗಡಿಗೆ ಬಂದು ಆ ವಾರದ ಚಿತ್ರದಲ್ಲಿ ಏನಿದೆ ಎಂದು ವಿವರಿಸಬೇಕು. ಮಲ್ಕಾ ಅದನ್ನು ಅಳತೆ ಪುಸ್ತಕದಲ್ಲೇ ಉರ್ದುವಿನಲ್ಲಿ ಬರೆದುಕೊಳ್ಳಬೇಕು. ಒಬ್ಬರ ಭುಜ ಹದಿನಾಲ್ಕು, ತೋಳು ಹತ್ತು. ಅದರ ಪಕ್ಕದಲ್ಲೇ ಆಮೆ ಎಷ್ಟು ಮೊಟ್ಟೆ ಇಡುತ್ತದೆ ಎಂಬುದು. ಶನಿವಾರ ಮುಸ್ಸಂಜೆಯ ಮಗ್ರಿಬ್ ನಮಾಜ್ ಮುಗಿದ ಮೇಲೆ ಆಟ ಶುರು, ರಾತ್ರಿಯ ಇಶಾ ಅಜಾನ್ ಕೇಳಿದ ಕ್ಷಣಕ್ಕೆ ಬಂದ್. ನಡುವೆ ಸಿಗುವುದು ಸುಮಾರು ಒಂದು ಗಂಟೆ ಹತ್ತು ನಿಮಿಷ. ಚಿತ್ರ ಅದಕ್ಕಿಂತ ಉದ್ದವಿದ್ದರೆ ಎಲ್ಲಿ ಕತ್ತರಿಸಬೇಕೆಂದು ಮಲ್ಕಾರೇ ಹೇಳುತ್ತಿದ್ದರು. "ಎರಡು ಮೀಟರಲ್ಲಿ ಆಗೋ ಚೂಡಿದಾರಕ್ಕೆ ಮೂರು ಮೀಟರ್ ಹಾಳ್ ಮಾಡಿದಾನೆ ಮೇಡಂ. ಆ ಗಡ್ಡದವನು ಮಾತಾಡೋದೆಲ್ಲ ತೆಗೀರಿ." ಗಡ್ಡದವರು ದೊಡ್ಡ ವಿಜ್ಞಾನಿ ಎಂದು ಅಕ್ಷಯಾ ಗೋಗರೆದರೂ ಕತ್ತರಿ ನಿಲ್ಲುತ್ತಿರಲಿಲ್ಲ.

ಹವಳದ ದಿಬ್ಬಗಳು ಸಾಯುತ್ತಿರುವ ಚಿತ್ರ ತೋರಿಸಿದ ದಿನ ತಾಹೆರಾ ಖಾಲಾ ತಮ್ಮ ಬೆರಳಿನ ಹವಳದ ಉಂಗುರವನ್ನು ಪರದೆಯ ಬೆಳಕಿಗೆ ಹಿಡಿದು ಕೇಳಿದರು.

"ಏ ಮಲ್ಕಾ, ನಂದು ಬದುಕಿದೆಯೇನೇ?"

"ಅದು ಸತ್ತು ಎಷ್ಟೋ ವರ್ಷ ಆಯ್ತು ಖಾಲಾ. ನೀವು ಹೆಣ ಹಾಕ್ಕೊಂಡು ಓಡಾಡ್ತಿದೀರ."

ಗಲ್ಲಿಗೆ ಗಲ್ಲಿಯೇ ನಕ್ಕಿತು. ಮುಂದಿನ ಶನಿವಾರ ಖಾಲಾ ಬೆರಳು ಖಾಲಿ ಇತ್ತು. ನಗರದ ದೊಡ್ಡ ಸಭಾಂಗಣಗಳಲ್ಲಿ ಇವೇ ಚಿತ್ರಗಳನ್ನು ಏಸಿಯ ಚಳಿಯಲ್ಲಿ ನೋಡಿ, ಆಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕುಡಿಯುತ್ತಾ ಚರ್ಚಿಸುವ ನಮ್ಮ ಸುಶಿಕ್ಷಿತ ಪ್ರೇಕ್ಷಕರಲ್ಲಿ ಎಷ್ಟು ಮಂದಿ ಮೈಮೇಲಿನದ್ದೇನಾದರೂ ತೆಗೆದಿಟ್ಟಿದ್ದಾರೆ? ಒಬ್ಬರ ಹೆಸರು ಹೇಳಿ, ಕೇಳೋಣ.

ಇಷ್ಟು ದಿನವೂ ಈ ಆಟಗಳಿಗೆ ಬೆನ್ನೆಲುಬಾಗಿ ನಿಂತವರು ಮುರುಗೇಶ್. ಅದನ್ನು ಮುಚ್ಚಿಡುವುದು ಅನ್ಯಾಯ. ಅವರು ಆ ಗಲ್ಲಿಯಲ್ಲೇ ಬೆಳೆದವರು. ಅಪ್ಪ ಅಮ್ಮ ಧರ್ಮಪುರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಪರದೆ ಕಟ್ಟಲು ಕಟ್ಟಡದ ಪಕ್ಕದ ಗೋಡೆಗೆ ಕೊಕ್ಕೆ ಹೊಡೆಸಿಕೊಟ್ಟರು, ನಲವತ್ತು ನೀಲಿ ಪ್ಲಾಸ್ಟಿಕ್ ಕುರ್ಚಿ ಕೊಟ್ಟರು, ಕರೆಂಟ್ ಕೊಟ್ಟರು. ಹಿಮಕರಡಿಯ ಮರಿ ಹಸಿವಿನಿಂದ ಸತ್ತ ಚಿತ್ರದ ದಿನ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ನಾಟಕವಲ್ಲ, ನಿಜವಾದ ಕಣ್ಣೀರು. ಹಿಮಕರಡಿಗಾಗಿ ಅಳುವುದು ಸುಲಭ. ಅದು ದೂರ ಇದೆ, ಬೆಳ್ಳಗಿದೆ, ನಮ್ಮ ಜಾಗ ಕೇಳುವುದಿಲ್ಲ.

ಎಲ್ಲವನ್ನೂ ತಿರುಗಿಸಿದ್ದು ಮಲ್ಕಾ ಮಾಡಿದ ಒಂದು ತಪ್ಪು.

ಆ ಶನಿವಾರದ ಚಿತ್ರ ಯಾವುದೋ ದೇಶದ ಒಂದು ತೊರೆಯದು. ಬೆಟ್ಟದಲ್ಲಿ ಹುಟ್ಟಿ, ಊರ ನಡುವೆ ಹರಿದು, ಕೊಳೆಯಾಗಿ, ಕೊನೆಗೆ ಕಾಂಕ್ರೀಟಿನ ಕೆಳಗೆ ಹೂತುಹೋಗಿ, ಎಷ್ಟೋ ವರ್ಷದ ಮೇಲೆ ಅಲ್ಲಿನ ಜನರೇ ಕಾಂಕ್ರೀಟ್ ಒಡೆದು ಅದನ್ನು ಬಿಸಿಲಿಗೆ ತಂದ ಕಥೆ. ಅಕ್ಷಯಾ ಗುರುವಾರ "ತೊರೆ" ಎಂಬ ಮಾತನ್ನು ಎರಡು ಸಲ ಹೇಳಿಕೊಟ್ಟಿದ್ದರು. ಮೈಕ್ ಹಿಡಿದಾಗ ಅದು ಮಲ್ಕಾ ನಾಲಿಗೆಗೆ ಬರಲಿಲ್ಲ. ಪರದೆಯ ಮೇಲೆ ಕನ್ನಡಿಯಂಥ ನೀರು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿದೆ, ಮಲ್ಕಾ ಬಾಯಿಂದ ಬಂದದ್ದು, "ಇದು ಅವರೂರ ಮೋರಿ. ಎಷ್ಟ್ ಚೆನ್ನಾಗಿದೆ ನೋಡಿ. ಮಕ್ಕಳು ಬಾಯಿ ಹಾಕಿ ನೀರು ಕುಡೀತಿದಾರೆ."

ಗಲ್ಲಿ ಬಿದ್ದು ಬಿದ್ದು ನಕ್ಕಿತು. "ಮೋರಿ ನೀರು ಕುಡಿಸ್ತಿದಾಳೆ ಗುರು, ಫಾರಿನ್‌ನವರಿಗೆ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅಕ್ಷಯಾ ಪಕ್ಕಕ್ಕೆ ಬಂದು ಮೆಲ್ಲಗೆ, "ಮೋರಿ ಅಲ್ರೀ ಅಕ್ಕಾ, ತೊರಿ ಅನ್ರೀ" ಎಂದರು. ಮಲ್ಕಾ ನಾಲಿಗೆ ಕಚ್ಚಿಕೊಂಡು ಸರಿಪಡಿಸುವ ಹೊತ್ತಿಗೆ ಕತ್ತಲಲ್ಲಿ ಒಬ್ಬರು ಎದ್ದು ನಿಂತರು. ಪಿಳ್ಳಮ್ಮ. ಎಂಬತ್ತರ ಆಸುಪಾಸು, ಕೆಂಪಾಪುರ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು, ಈಗ ಗಲ್ಲಿಯ ಎಲ್ಲಕ್ಕಿಂತ ತಗ್ಗಿನ ಒಂಟಿ ಕೋಣೆಯಲ್ಲಿ ಒಬ್ಬರೇ ಇರುವವರು.

"ಯಾಕ್ರಲಾ ಅಲ್ಲು ಕಿಸೀತೀರಿ? ಔಳು ಸರ್ಯಾಗೇ ಏಳವ್ಳೆ. ನಮ್ ಮೋರೀನೂ ಇಂಗೇ ಅರೀತಿತ್ತು. ಇದ್ರಾಗೇ ನಾನು ಸೊಪ್ಪು ತೊಳ್ದು ಸಂತೆಗೆ ಓಗ್ತಿದ್ದೆ. ಜೋಡೆತ್ತು ಜೊತೇಲಿ ನಿಂತು ನೀರ್ ಕುಡೀತಿದ್ವು, ಅಷ್ಟಗ್ಲ ಇತ್ತು."

ಯಾರೂ ಮತ್ತೆ ನಗಲಿಲ್ಲ. ಮಲ್ಕಾ ಸರಿಪಡಿಸಲೂ ಇಲ್ಲ. ಆ ಸಂಜೆ ಕೊನೆಯವರೆಗೂ ಮೋರಿ ಎಂದೇ ಹೇಳಿದರು. ಆ ದೇಶದವರು ಮೋರಿಯ ಮೇಲಿನ ಕಾಂಕ್ರೀಟ್ ಒಡೆದಾಗ ಗಲ್ಲಿ ಚಪ್ಪಾಳೆ ತಟ್ಟಿತು.

ನನಗೆ ಮಲ್ಕಾ ದೊಡ್ಡವರಾಗಿ ಕಾಣುವುದು ಅದರ ನಂತರದ ಕೆಲಸದಲ್ಲಿ. ಆ ಚಪ್ಪಾಳೆಯನ್ನು ಅವರು ಅಲ್ಲಿಗೇ ಬಿಡಲಿಲ್ಲ. ಮಾರನೇ ಭಾನುವಾರ ಪಿಳ್ಳಮ್ಮನನ್ನು ಕರೆದುಕೊಂಡು, ಕೊರಳಲ್ಲಿ ಟೇಪು ಹಾಕಿಕೊಂಡು, ಮೋರಿ ಅಳೆಯಲು ಹೊರಟರು. ಟೇಪು ಐದಡಿಯದು, ಮೋರಿಗೆ ಸಾಲದು. ಆಚೆ ದಡಕ್ಕೆ ಒಬ್ಬರು ನಿಂತು ದಾರ ಹಿಡಿಯುವುದು, ಆ ದಾರವನ್ನು ಆಮೇಲೆ ಟೇಪಿನಿಂದ ಅಳೆಯುವುದು. ಮೇಲಿನ ಸೇತುವೆಯಿಂದ ಗಲ್ಲಿಯ ತಗ್ಗಿನವರೆಗೆ ಒಂಬತ್ತು ಕಡೆ ಅಳೆದರು. ಪಿಳ್ಳಮ್ಮ ಎಲ್ಲೆಲ್ಲಿ ಏನಿತ್ತು, ಏನು ನಡೆದಿತ್ತು ಎಂದು ಹೇಳುತ್ತಾ ಹೋದರು. ಮಲ್ಕಾ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಅಳತೆ ಪುಸ್ತಕದಲ್ಲಿ ಮೋರಿಗೇ ಒಂದು ಪುಟ ತೆಗೆದರು. ಹೆಸರು: ಮೋರಿ. ಸೇತುವೆ ಹತ್ತಿರ ಹನ್ನೆರಡು ಅಡಿ. ಮುರುಗೇಶರ ಕಟ್ಟಡದ ಹಿಂದೆ ಬಂದಾಗ ಐದೂವರೆ.

"ಇಲ್ಲಿ ಯಾರೋ ಸೊಂಟ ಹಿಡಿಸಿದಾರೆ ಮೇಡಂ," ಎಂದು ಮಲ್ಕಾ ಗುರುವಾರ ಅಕ್ಷಯಾಗೆ ಪುಟ ತೋರಿಸಿದರು. "ದಪ್ಪ ಹೆಂಗಸಿಗೆ ಟೈಟ್ ಬ್ಲೌಸ್ ಹೊಲಿದ ಹಾಗೆ. ಉಸಿರು ಬಿಟ್ಟರೆ ಹರಿಯತ್ತೆ."

ಉಸಿರು ಬಿಟ್ಟದ್ದು ಗಲ್ಲಿಗೆ ಗೊತ್ತೇ ಇತ್ತು. ಹಿಂದೊಮ್ಮೆ ಮಳೆ ಜೋರಾದಾಗ ಮೋರಿ ಉಕ್ಕಿ ತಗ್ಗಿನ ಮನೆಗಳಿಗೆ ಮಂಡಿಯುದ್ದ ಕೊಳಚೆ ನುಗ್ಗಿತ್ತು. ಪಿಳ್ಳಮ್ಮ ಮಂಚದ ಮೇಲೆ ಕುಕ್ಕರಗಾಲಲ್ಲಿ ಬೆಳಗಿನವರೆಗೆ ಕೂತಿದ್ದರು.

ಅದೇ ತಿಂಗಳು ಮುರುಗೇಶ್ ಒಂದು ಶುಭ ಸಮಾಚಾರ ತಂದರು. ತಮ್ಮ ಖರ್ಚಿನಲ್ಲೇ ಮೋರಿಗೆ ಉದ್ದಕ್ಕೂ ಚಪ್ಪಡಿ ಹಾಕಿಸುತ್ತಾರಂತೆ. ವಾಸನೆ ಇಲ್ಲ, ಸೊಳ್ಳೆ ಇಲ್ಲ, ಮೇಲೆ ಗಾಡಿ ನಿಲ್ಲಿಸಬಹುದು. ಯಾರ ಗಾಡಿ ಎಂದು ಯಾರೂ ಕೇಳಲಿಲ್ಲ. ಗಲ್ಲಿಯಲ್ಲಿ ಇರುವುದು ಗಯಾಸರ ಆಟೊ ಒಂದೇ. ಭಾನುವಾರ ಹತ್ತು ಗಂಟೆಗೆ ಪೂಜೆ. ಚಪ್ಪಡಿ ಬಿದ್ದರೆ ಐದೂವರೆ ಅಡಿಯ ಸೊಂಟವನ್ನು ಮುಂದೆ ಯಾರೂ ನೋಡಲಾರರು. ಹೂಳು ತೆಗೆಯಲೂ ಬಾರದು. ಮುಂದಿನ ದೊಡ್ಡ ಮಳೆಗೆ ನೀರು ಅಲ್ಲಿ ಉಕ್ಕಿದರೆ ಅದು ಗಲ್ಲಿಯಿಳಿದು ಸೀದಾ ಪಿಳ್ಳಮ್ಮನ ಮಂಚಕ್ಕೆ. ಮಲ್ಕಾ ತಮ್ಮ ಮೊಬೈಲ್ ವಿಡಿಯೋವನ್ನು ಶನಿವಾರ ಪರದೆಗೆ ಹಾಕುತ್ತಾರೆಂದು ಸುದ್ದಿ ಹಬ್ಬಿತು.

ಶುಕ್ರವಾರ ಮುರುಗೇಶ್ ಅಂಗಡಿಗೆ ಬಂದರು. ಸ್ಟೂಲ್ ಎಳೆದು ಕೂತರು. ದನಿ ಏರಿಸಲಿಲ್ಲ.

"ಏನ್ ಸಮಾಚಾರ ಅಕ್ಕಾ? ಮೋರಿ ಪಿಕ್ಚರ್ ತೆಗೆದಿದೀರಂತೆ. ಹೀರೋ ಯಾರು?"

"ಪಿಳ್ಳಮ್ಮ, ಅಣ್ಣ."

"ಚೆನ್ನಾಗಿದೆ." ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, "ನೋಡಿ ಅಕ್ಕಾ, ಮನೆ ವಿಷಯ ಪರದೆ ಮೇಲೆ ಬೇಡ. ಚಪ್ಪಡಿ ನಾನು ಊರಿಗೆ ಒಳ್ಳೇದಾಗ್ಲಿ ಅಂತ ಹಾಕಿಸ್ತಿರೋದು. ಆ ಫಾರಿನ್ ಮೋರೀದು ತೋರಿಸಿದ್ರಲ್ಲ, ಅದನ್ನೇ ಇನ್ನೊಂದು ಸಲ ಹಾಕಿ. ಅವತ್ತು ನಂಗೆ ಬರೋಕಾಗ್ಲಿಲ್ಲ. ನಾನೂ ನೋಡ್ತೀನಿ."

ಎದ್ದು ಹೋಗುವಾಗ ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಂಡು ಅಂದರು. "ನಮ್ಮ ತಂಗಿ ಮಗಳು ಬ್ಯೂಟಿ ಪಾರ್ಲರ್‌ಗೆ ಜಾಗ ಹುಡುಕ್ತಿದಾಳೆ. ಈ ಕನ್ನಡಿ ನೋಡಿ ಬಾಳ ಇಷ್ಟಪಟ್ಟಳು. ನಾನೇ ಬೇಡ ಅಂದಿದೀನಿ. ಅಕ್ಕ ಇದಾರೆ ಅಲ್ಲಿ, ಅಂದೆ."

ಮನೆಯಲ್ಲಿ ಗಯಾಸ್ ಊಟದ ತಟ್ಟೆ ಮುಟ್ಟಲಿಲ್ಲ.

"ನಕ್ಕೋ ಮಲ್ಕಾ. ಬೇಡ. ಹದಿನಾಲ್ಕು ವರ್ಷದ ಅಂಗಡಿ. ಕೆರೆ ಮುಚ್ಚಿದವರನ್ನೇ ಯಾರೂ ಕೇಳಲ್ಲ, ಮೋರಿಗೆ ನೀನ್ಯಾಕೆ ಸಾಯ್ತೀಯ?"

"ನಾನೆಲ್ಲಿ ಸಾಯ್ತಿದೀನಿ? ಅವರು ಹೇಳಿದ್ದನ್ನೇ ತೋರಿಸ್ತೀನಿ."

"ಫಾರಿನ್‌ದೇ?"

"ಫಾರಿನ್‌ದೇ. ಖುದಾ ಕಸಂ."

ಆಣೆಗೆ ಮಲ್ಕಾ ತಪ್ಪಲಿಲ್ಲ. ಶನಿವಾರ ಪರದೆಯ ಮೇಲೆ ಮೂಡಿದ್ದು ಅದೇ ವಿದೇಶಿ ಬೆಟ್ಟ, ಅದೇ ತೊರೆ. ಕುರ್ಚಿಗಳು ತುಂಬಿ ಜನ ನಿಂತಿದ್ದರು. ಮುರುಗೇಶ್ ಮುಂದಿನ ಸಾಲಿನ ನಡುವೆ ಕೂತಿದ್ದರು. ಎಂದಿನಂತೆ ಸೌಂಡ್ ಇರಲಿಲ್ಲ. ಮಲ್ಕಾ ಅಳತೆ ಪುಸ್ತಕ ತೆರೆದು ಮೈಕ್ ಹಿಡಿದರು.

"ಇದು ನಮ್ಮ ಮೋರಿ. ಬೆಟ್ಟ ನೋಡಿ ಗಾಬರಿ ಆಗ್ಬೇಡಿ, ಅದು ನಮ್ಮ ಮೇಲಿನ ಲೇಔಟಿನ ದಿಣ್ಣೆ. ಅಲ್ಲಿ ಬೆಳ್ಳಗೆ ಬಿದ್ದಿರೋದು ಹಿಮ ಅಲ್ಲ, ನಮ್ಮ ಸೋಪಿನ ನೊರೆ ಅಂದ್ಕೊಳ್ಳಿ."

ಒಂದು ನಗು ಎದ್ದು, ಅರ್ಧಕ್ಕೆ ನಿಂತಿತು. ಏನೋ ಬೇರೆ ನಡೆಯುತ್ತಿದೆ ಎಂದು ಜನಕ್ಕೆ ಹೊಳೆಯಿತು. ಪರದೆಯ ಮೇಲೆ ಹಳೆಯ ಕಾಲದ ಒಬ್ಬ ಬಿಳಿ ಹೆಂಗಸು ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಇವರು ನಮ್ಮ ಪಿಳ್ಳಮ್ಮ."

"ನಾನು ಯಾವತ್ತೇ ಅಷ್ಟು ಬೆಳ್ಳಗಿದ್ದೆ?" ಪಿಳ್ಳಮ್ಮ ಕೂತಲ್ಲಿಂದಲೇ ಕೂಗಿದರು.

"ನಮ್ಮ ಬಿಸಿಲಿಗೆ ಕಪ್ಪಾದ್ರಿ ಅಜ್ಜಿ. ಸುಮ್ನೆ ಕೂತ್ಕೊಳ್ಳಿ, ನಿಮ್ಮ ಸೊಪ್ಪು ತೊಳೀತಿದೀರ."

ಚಡ್ಡಿ ತೊಟ್ಟ ಒಬ್ಬ ಹುಡುಗ ಬಂದ. ಮಂಡಿಯುದ್ದ ನೀರಿನಲ್ಲಿ ನಿಂತು ಬಗ್ಗಿ ಮೀನು ಹುಡುಕುತ್ತಿದ್ದ.

"ಇವರು ನಮ್ಮ ಮುರುಗೇಶಣ್ಣ. ಏಳು ವರ್ಷ. ಸ್ಕೂಲ್ ತಪ್ಪಿಸಿ ಬಂದಿದಾರೆ. ಅವರಮ್ಮನ ಸೀರೆ ಕದ್ದು ತಂದು ಮೀನು ಹಿಡೀತಿದಾರೆ. ಇದೇ ಜಾಗದಲ್ಲಿ ಒಂದಿನ ಕಾಲು ಜಾರಿ ಮುಳುಗಿದ್ರು. ತಲೆ ಮುಳುಗೋಷ್ಟು ನೀರಿತ್ತು ಆಗ. ಕೂದಲು ಹಿಡಿದು ಎಳೆದು ಹಾಕಿದ್ದು ಆ ಬಟ್ಟೆ ಒಗೀತಿದಾರಲ್ಲ, ಅವರು."

ಗಲ್ಲಿಯೆಲ್ಲ ಮುಂದಿನ ಸಾಲಿನ ಕಡೆ ನೋಡಿತು. ಮುರುಗೇಶ್ ಮೊದಲು ನಕ್ಕರು. ಆಮೇಲೆ ಹಿಂದೆ ತಿರುಗಿ ಪಿಳ್ಳಮ್ಮ ಎಲ್ಲಿ ಕೂತಿದ್ದಾರೆಂದು ಹುಡುಕಿದರು. ಆಮೇಲೆ ನಗಲಿಲ್ಲ.

ಮಲ್ಕಾ ಅವಸರಪಡಲಿಲ್ಲ, ಅಲ್ಲಲ್ಲಿ ಚಿತ್ರ ನಿಲ್ಲಿಸಲು ಹೇಳುತ್ತಾ ಮುಂದುವರಿದರು. ಪರದೆಯ ಮೇಲೆ ಊರು ಬೆಳೆಯುತ್ತಾ, ತೊರೆಯ ಎರಡೂ ಕಡೆ ಗೋಡೆ ಏಳುತ್ತಾ ಹೋದಂತೆ ಪುಸ್ತಕದಿಂದ ಅಳತೆ ಓದಿದರು. "ಇಲ್ಲಿ ಹನ್ನೆರಡು. ಇಲ್ಲಿ ಹತ್ತು. ತಾಹೆರಾ ಖಾಲಾ ಮನೆ ಎದುರಿಗೆ ಒಂಬತ್ತು. ಖಾಲಾ, ದಡಕ್ಕೆ ಕಟ್ಟಿರೋ ನಿಮ್ಮ ಮೆಟ್ಟಿಲು ಒಂದಡಿ ಮೋರಿ ಒಳಗಿದೆ, ಬೇಜಾರ್ ಮಾಡ್ಕೋಬೇಡಿ. ದಡದ ಮೇಲಿರೋ ನಮ್ಮ ಬಚ್ಚಲು ಅರ್ಧ ಅಡಿ. ಅದೂ ಬರ್ದಿದೀನಿ." ಹೀಗೆ ತಮ್ಮದನ್ನೂ ಬಿಡದೆ ಓದಿ, ಕೊನೆಗೆ, "ಇಲ್ಲಿ ಐದೂವರೆ. ಈ ಸೊಂಟ ಹಿಡಿಸಿದ ಟೈಲರ್ ಯಾರು ಅಂತ ಫಾರಿನ್‌ನವರು ಹೇಳಿಲ್ಲ" ಎಂದರು.

ಮುರುಗೇಶ್ ಎದ್ದು ನಿಂತರು. ಅವರ ನೆರಳು ಪರದೆಯ ಮೇಲೆ ತೊರೆಗೆ ಅಡ್ಡ ಬಿತ್ತು.

"ಅಕ್ಕಾ, ಇದು ಫಾರಿನ್ ಪಿಕ್ಚರ್ ಅಲ್ವಾ?"

"ಫಾರಿನ್‌ದೇ ಅಣ್ಣ. ನೀವೇ ಹೇಳಿದ್ರಲ್ಲ. ಕೂತ್ಕೊಳ್ಳಿ, ಹಿಂದಿನವರಿಗೆ ಕಾಣ್ತಿಲ್ಲ."

ಅವರು ಕೂರಲಿಲ್ಲ. ಪಕ್ಕಕ್ಕೆ ಹೋಗಿ ಗೋಡೆಗೆ ಒರಗಿ ನಿಂತರು. ಕರೆಂಟ್ ಅವರದೇ, ಸ್ವಿಚ್ಚು ಕೈಗೆ ಎಟಕುವಷ್ಟು ದೂರದಲ್ಲಿತ್ತು. ಆರಿಸಲಿಲ್ಲ. ಅದನ್ನೂ ಬರೆಯಲೇಬೇಕು.

ಪರದೆಯ ಮೇಲೆ ಕ್ರೇನು ಬಂತು. ಕಾಂಕ್ರೀಟಿನ ಹಾಸು ನೀರಿನ ಮೇಲೆ ಇಳಿಯಿತು. ಅದು ಪೂರ್ತಿ ಮುಚ್ಚುವ ಹೊತ್ತಿಗೆ ಸರಿಯಾಗಿ ಮಸೀದಿಯಿಂದ ಇಶಾ ಅಜಾನ್ ಕೇಳಿತು. ಮಲ್ಕಾ ಮೈಕ್ ಆರಿಸಿದರು. ಚಿತ್ರ ನಿಂತಿತು.

"ಏ, ಮುಂದೆ ಒಡೀತಾರಲ್ಲಾ! ಅದನ್ನ ತೋರ್ಸು!" ಹಿಂದಿನಿಂದ ಕೂಗು ಬಂತು. ಹಿಂದಿನ ಸಲ ಚಪ್ಪಾಳೆ ತಟ್ಟಿದವರಿಗೆಲ್ಲ ಕಥೆಯ ಕೊನೆ ಗೊತ್ತಿತ್ತು. ಅಜಾನ್ ಮುಗಿದ ಮೇಲೆ ಮಲ್ಕಾ ಪರದೆ ಬಿಚ್ಚಿ, ಜರಿ ಅಂಚು ಒಂದಕ್ಕೊಂದು ಕೂಡಿಸಿ ಮಡಚುತ್ತಾ, ಮೈಕ್ ಇಲ್ಲದೆ ಹೇಳಿದರು.

"ಅದು ಅವರದು. ನಮ್ಮದು ನಾಳೆ ಹತ್ತು ಗಂಟೆಗೆ."

ಭಾನುವಾರ ಹತ್ತಕ್ಕೆ ಚಪ್ಪಡಿ ಹೊತ್ತ ಲಾರಿ ಬಂದಾಗ ಮೋರಿಯ ಅಂಚಿನುದ್ದಕ್ಕೂ ನಲವತ್ತು ನೀಲಿ ಕುರ್ಚಿ. ಕುರ್ಚಿಗಳಲ್ಲಿ ಹೆಂಗಸರು. ಬುರ್ಖಾ, ನೈಟಿಯ ಮೇಲೆ ಟವೆಲ್, ಇಳಕಲ್ ಸೀರೆ, ಎಲ್ಲ ಒಂದೇ ಸಾಲು. ಒಬ್ಬರು ಬಟಾಣಿ ಸುಲಿಯುತ್ತಿದ್ದರು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಪೂಜಾರಿ ತೆಂಗಿನಕಾಯಿ ಹಿಡಿದು ಎಲ್ಲಿ ಒಡೆಯಲಿ ಎಂದು ನೋಡುತ್ತಾ ನಿಂತರು.

"ಕುರ್ಚಿ ನಂದು ಕಣ್ರೀ!" ಎಂದರು ಮುರುಗೇಶ್.

"ಓದ್ಸಲ ಕೂದ್ಲು ನಿಂದು, ಕೈ ನಂದು," ಎಂದರು ಪಿಳ್ಳಮ್ಮ, ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸದೆ. "ಇವತ್ತು ಕುರ್ಚಿ ನಿಂದು, ಕುಂಡಿ ನಂದು. ಎಬ್ಬಿಸು ನೋಡ್ತೀನಿ."

ಮಧ್ಯಾಹ್ನದ ಹೊತ್ತಿಗೆ ಅಕ್ಷಯಾ ಫೋನಿನ ಮೇಲೆ ಫೋನು ಮಾಡಿ ಕರೆಸಿದ ಪಾಲಿಕೆಯ ಇಂಜಿನಿಯರ್ ಒಬ್ಬರು ಬಂದರು. ಮಲ್ಕಾ ಪುಸ್ತಕದಿಂದ ಅಳತೆ ಓದಿದರು. ಅವರು ತಮ್ಮ ಟೇಪು ಬಿಚ್ಚಿ ತಾವೇ ಅಳೆದರು. ಎಲ್ಲ ಕಡೆಯೂ ಮಲ್ಕಾ ಲೆಕ್ಕ ಎರಡೆರಡು ಇಂಚು ಹೆಚ್ಚಿತ್ತು.

"ಏನಮ್ಮಾ, ಎಲ್ಲಾ ಕಡೆ ಎರಡಿಂಚು ಜಾಸ್ತಿ ಬರೆದಿದೀರಲ್ಲ?"

"ಟೈಲರ್ ಅಲ್ವಾ ಸಾರ್. ಎರಡಿಂಚು ಲೂಸ್ ಬಿಟ್ಟೇ ಬರ್ಕೊಳ್ಳೋದು."

ಅವರು ನಕ್ಕರು. ನಕ್ಕು, ಮೋರಿಯ ಮೇಲೆ ಚಪ್ಪಡಿ ಹಾಕುವಂತಿಲ್ಲ ಎಂದು ಬರೆದುಕೊಟ್ಟು ಹೋದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖವಾಗಿ ಮುಗಿಯುತ್ತದೆ. ಸುಖ ಅಷ್ಟು ಅಗ್ಗವಲ್ಲ. ಐದೂವರೆ ಅಡಿಯ ಸೊಂಟ ಐದೂವರೆಯೇ ಇದೆ. ಮುರುಗೇಶರ ಹಿಂಗೋಡೆಗೆ ಪಾಲಿಕೆಯವರು ಒಂದು ಒತ್ತುವರಿ ನೋಟಿಸ್ ಅಂಟಿಸಿದ್ದಾರೆ, ಬಿಸಿಲಿಗೆ ಅದರ ಅಕ್ಷರ ಮಾಸಿದೆ. ಮೋರಿ ಇನ್ನೂ ನಾರುತ್ತದೆ. ತಾಹೆರಾ ಖಾಲಾ ಮೆಟ್ಟಿಲು ಒಡೆಸಿದರು, ಮಲ್ಕಾ ಬಚ್ಚಲು ಹಿಂದಕ್ಕೆ ತೆಗೆದರು. ಬೇರೆ ಯಾರೂ ಒಂದಿಂಚು ಸರಿದಿಲ್ಲ. ಆಚೆಯ ಅಪಾರ್ಟ್‌ಮೆಂಟಿನವರು ಗಲ್ಲಿಗೆ 'ಲೇಕ್ ವ್ಯೂ ರಸ್ತೆ' ಎಂದು ಹೆಸರಿಡಲು ಅರ್ಜಿ ಹಾಕಿದ್ದಾರೆ. ಕೆರೆಗೆ ಹೋಗುವ ನೀರು ಬೇಡ, ಕೆರೆಯ ಹೆಸರು ಮಾತ್ರ ಬೇಕು.

ಮಲ್ಕಾ ಅಂಗಡಿ ಹೋಯಿತು. ಮುರುಗೇಶ್ ಜಗಳವಾಡಲಿಲ್ಲ, ಬೈಯಲಿಲ್ಲ. ತಂಗಿ ಮಗಳು ಹಟ ಹಿಡಿದಿದ್ದಾಳೆ ಅಕ್ಕಾ, ಅಂದರು, ಅಷ್ಟೇ. ಒಂದು ತಿಂಗಳಲ್ಲಿ ಬಿಡಬೇಕಾಯಿತು. ಗಯಾಸ್ ಎರಡೂ ಮಿಷನ್‌ಗಳನ್ನು ಆಟೊದಲ್ಲಿ ಎರಡು ಸಲಕ್ಕೆ ಮನೆಗೆ ಸಾಗಿಸಿದರು. ಕನ್ನಡಿ ಆಟೊಗೆ ಹಿಡಿಯಲಿಲ್ಲ, ಅಲ್ಲೇ ಉಳಿಯಿತು. ಅವರು ಹೆಂಡತಿಗೆ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಬಾಗಿಲಿನ ಮೇಲಿನ ಬೋರ್ಡನ್ನು ತಾವೇ ಮೊಳೆ ಹೊಡೆದು ಕಟ್ಟಿದರು: 'ಮಲ್ಕಾ ಲೇಡೀಸ್ ಟೈಲರ್, ಮೋರಿ ಗಲ್ಲಿ'. ಗಲ್ಲಿ ಬೇಡ, ಲೇಕ್ ವ್ಯೂ ಅಂತ ಹಾಕಿದರೆ ಗಿರಾಕಿ ಬರುತ್ತಾರೆ ಎಂದು ಬೋರ್ಡ್ ಬರೆದವನು ಹೇಳಿದ್ದನಂತೆ. "ಬರೋರು ಮೋರಿ ನೋಡ್ಕೊಂಡೇ ಬರ್ಲಿ" ಎಂದರಂತೆ ಮಲ್ಕಾ.

ಮೊನ್ನೆ ನಾನು ಹೋದಾಗ ಮಲ್ಕಾ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹೊಲಿಯುತ್ತಿದ್ದರು. ಒಳಗೆ ಬೆಳಕು ಸಾಲದು. ಸೂಜಿಗೆ ದಾರ ಪೋಣಿಸಲು ಪ್ರತಿ ಸಲ ಬಾಗಿಲಿಗೆ ಬರಬೇಕು, ಬಂದರೆ ಎದುರಿಗೇ ಮೋರಿ. ಶನಿವಾರದ ಆಟ ನಿಂತಿಲ್ಲ; ಪರದೆ ಈಗ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ, ಮೋರಿಯ ಆಚೆ ದಡಕ್ಕೆ. ಜನ ಈ ದಡದಲ್ಲಿ ನೆಲದ ಮೇಲೆ ಚಾಪೆ ಹಾಸಿ ಕೂರುತ್ತಾರೆ. ಪ್ರಪಂಚದ ಎಲ್ಲ ನದಿಗಳನ್ನೂ ಈಗ ಮೋರಿಯ ಮೇಲಿಂದಲೇ ನೋಡಬೇಕು.

ಅಳತೆ ಪುಸ್ತಕ ಕೇಳಿ ನೋಡಿದೆ. ಮೋರಿಯ ಪುಟ ಹಾಗೇ ಇತ್ತು. ಹೆಸರು, ಒಂಬತ್ತು ಅಳತೆ. ಪ್ರತಿ ಗಿರಾಕಿಯ ಪುಟದ ಕೆಳಗೂ ಡೆಲಿವರಿ ದಿನ ಎಂದು ಒಂದು ಗೆರೆ ಇರುತ್ತದೆ. ಇಲ್ಲಿ ಅದು ಖಾಲಿ.

"ಇದಕ್ಕೆ ದಿನ ಹಾಕಿಲ್ವಲ್ಲ ಮಲ್ಕಾ?"

ಅವರು ದಾರ ಕಚ್ಚಿ ತುಂಡರಿಸಿ, ಪುಟದ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ ಬರೆದ ಒಂದು ಉರ್ದು ಮಾತಿನ ಮೇಲೆ ಬೆರಳಿಟ್ಟರು. ನನಗೆ ಓದಲು ಬರಲಿಲ್ಲ.

"ಅರ್ಜೆಂಟ್ ಅಂತ ಬರ್ದಿದೀನಿ. ಖಾಲಾ ಮೆಟ್ಟಿಲು, ನಮ್ಮ ಬಚ್ಚಲು, ಎರಡು ಹೊಲಿಗೆ ಬಿಚ್ಚಾಗಿದೆ. ಇನ್ನು ಬೇಡ ಅಂದ್ರೂ ಹೊಲೀಲೇಬೇಕಲ್ಲ."